ಒಬ್ಬೊಬ್ಬರು ಒಂದೊಂದು ಬಾಟಲಿ: ಪುಣೆಯ ಮನೆಯಲ್ಲಿ ಕ್ರಾಫ್ಟ್ ಬಿಯರ್ ರುಚಿ ನೋಡುವ ಕೂಟ

ಮೊದಲು ಲೆಕ್ಕ ನೋಡಿ. ಎಂಟು ಜನ, ಎಂಟು ಬಾಟಲಿ. 330 ಎಂಎಲ್‌ನ ಒಂದು ಬಾಟಲಿಯನ್ನು ಎಂಟು ಪಾಲು ಮಾಡಿದರೆ ತಲಾ 40 ಎಂಎಲ್ ಚಿಲ್ಲರೆ, ಅಂದರೆ ಮೂರು ನಾಲ್ಕು ಗುಟುಕು. ಎಂಟೂ ಬಾಟಲಿ ಮುಗಿಯುವ ಹೊತ್ತಿಗೆ ಒಬ್ಬೊಬ್ಬರು ಕುಡಿದಿರುವುದು ಹೆಚ್ಚುಕಮ್ಮಿ ಒಂದೇ ಬಾಟಲಿಯಷ್ಟು, ಆದರೆ ಎಂಟು ಬೇರೆ ಬೇರೆ ಬಿಯರ್ ಹೇಗಿರುತ್ತವೆ ಅಂತ ಗೊತ್ತಾಗಿರುತ್ತದೆ. ಒಬ್ಬರೇ ಬಾರಿಗೆ ಹೋಗಿ ಇದೇ ಎಂಟನ್ನು ತರಿಸಿಕೊಂಡರೆ ಖರ್ಚು ಜಾಸ್ತಿ, ತಲೆಭಾರ ಜಾಸ್ತಿ, ಮೂರನೆಯದರ ನಂತರ ರುಚಿಯೂ ತಿಳಿಯುವುದಿಲ್ಲ. ಬಾಟಲಿ ಹಂಚಿಕೊಳ್ಳುವ ಕೂಟ ನನಗೆ ಇಷ್ಟವಾಗುವುದು ಇದಕ್ಕೇ. ಕಡಿಮೆ ಕುಡಿದು ಜಾಸ್ತಿ ತಿಳಿದುಕೊಳ್ಳಬಹುದು.

ಪುಣೆ ಇದಕ್ಕೆ ಒಳ್ಳೆಯ ಊರು. ಭಾರತದ ಮೊದಮೊದಲ ಕ್ರಾಫ್ಟ್ ಬ್ರೂವರಿಗಳಲ್ಲಿ (ಸಣ್ಣ ಪ್ರಮಾಣದಲ್ಲಿ ಬಗೆಬಗೆಯ ಬಿಯರ್ ಮಾಡುವ ಕಡೆ) ಒಂದಾದ ಡೂಲಾಲಿ 2009ರಲ್ಲಿ ಶುರುವಾಗಿದ್ದು ಇಲ್ಲೇ, ಮುಂಬಯಿಗೆ ಹೋಗಿದ್ದು ಆಮೇಲೆ. ಮುಂಢ್ವಾದಲ್ಲಿ ಇಂಡಿಪೆಂಡೆನ್ಸ್, ಕೋರೆಗಾಂವ್ ಪಾರ್ಕಿನಲ್ಲಿ ಎಫಿಂಗಟ್ ಬಂದವು. ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್‌ನವರು ಕ್ಯಾನಿನಲ್ಲೇ ತುಂಬಿ ಕೊಡುತ್ತಾರೆ. ನಮ್ಮ ಬೆಂಗಳೂರಿನ ಟಾಯ್ಟ್ ಕೂಡ ಇಲ್ಲಿಗೆ ಬಂದಿದೆ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ ಅಂತ ಎಲ್ಲೆಲ್ಲಿಂದಲೋ ಬಂದು ಹಿಂಜವಡಿ, ಬಾಣೇರ್, ಖರಾಡಿಯ ಫ್ಲ್ಯಾಟುಗಳಲ್ಲಿ ಇರುವ ಕನ್ನಡದವರು ಶನಿವಾರ ಸಂಜೆ ಯಾರದೋ ಒಬ್ಬರ ಮನೆಯಲ್ಲಿ ಹೇಗೂ ಸೇರುತ್ತಾರೆ. ಅದೇ ಸಂಜೆಯನ್ನು ಸ್ವಲ್ಪ ತಯಾರಿ ಮಾಡಿಕೊಂಡು ಹೀಗೆ ಕಳೆಯಬಹುದು.

ಯಾರು ಬರಬೇಕು, ಏನು ತರಬೇಕು

ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ನಾಲಿಗೆ ಒದ್ದೆಯಾಗುವಷ್ಟು ಮಾತ್ರ, ಜೊತೆಗೆ ಕೂಟ ಎರಡು ಗುಂಪಾಗಿ ಒಡೆಯುತ್ತದೆ, ಒಂದು ಗುಂಪು ಬಿಯರ್ ಬಿಟ್ಟು ಆಫೀಸಿನ ಮಾತಿಗೆ ಇಳಿಯುತ್ತದೆ. ಎಲ್ಲರೂ ಬಿಯರ್ ಬಲ್ಲವರೇ ಆಗಿರಬೇಕಿಲ್ಲ. ಬರೀ ಸ್ಟ್ರಾಂಗ್ ಕುಡಿದು ಅಭ್ಯಾಸ ಇರುವವರು, "ಬಿಯರ್ ಅಂದ್ರೆ ಕಹಿ, ನಂಗೆ ಬೇಡ" ಅನ್ನುವವರು ಇದ್ದರೆ ಒಳ್ಳೆಯದೇ, ಯಾಕೆಂದರೆ ಅವರು ಓದಿದ್ದನ್ನು ಹೇಳುವುದಿಲ್ಲ, ಅನಿಸಿದ್ದನ್ನು ಹೇಳುತ್ತಾರೆ.

ಕುಡಿಯದವರನ್ನೂ ಕರೆಯಿರಿ. ವಾಸನೆ ನೋಡುವುದಕ್ಕೆ ಕುಡಿಯಲೇಬೇಕಿಲ್ಲ. ದಿನಾ ಅಡುಗೆ ಮಾಡುವವರ ಮೂಗು ತುಂಬಾ ಚುರುಕು. ನಾವೆಲ್ಲ "ಏನೋ ಮಸಾಲೆ ಇದೆ" ಅನ್ನುವಾಗ ಅವರು "ಕೊತ್ತಂಬರಿ ಬೀಜ" ಅಂತ ಸರಿಯಾಗಿ ಹೇಳಿಬಿಡುತ್ತಾರೆ. ಅವರಿಗೆ ಕೋಕಂ ಸೋಡಾನೋ ನಿಂಬೆ ಸೋಡಾನೋ ಇಡಿ, ಒಂದು ಗುಟುಕಾದರೂ ಕುಡಿಯಿರಿ ಅಂತ ಯಾರೂ ಒತ್ತಾಯ ಮಾಡಕೂಡದು.

ಒಂದು ವಾರ ಮುಂಚೆಯೇ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ತಾವು ತರುವ ಬಿಯರಿನ ಹೆಸರು, ಬಗೆ, ಅಳತೆ ಹಾಕಬೇಕು. ಇಲ್ಲದಿದ್ದರೆ ಐದು ಜನ ಐದು ವೀಟ್ (ಗೋಧಿ) ಬಿಯರ್ ಹಿಡಿದು ಬರುತ್ತಾರೆ. ಬೆಲೆಗೂ ಮೊದಲೇ ಒಂದು ಮಿತಿ ಹಾಕಿಕೊಳ್ಳಿ. ಒಬ್ಬರು ಬೆಲ್ಜಿಯಂನ ದುಬಾರಿ ಬಾಟಲಿ ತಂದು ಇನ್ನೊಬ್ಬರು ಸಾಧಾರಣ ಲಾಗರ್ (ಎಲ್ಲ ಕಡೆ ಸಿಗುವ ತಿಳಿ ಹಳದಿ ಬಿಯರ್) ತಂದರೆ ಎರಡನೆಯವರಿಗೆ ಮುಜುಗರ ಆಗಬಾರದು. ಹಾಗೆ ನೋಡಿದರೆ ಸಾಧಾರಣ ಲಾಗರ್ ಒಂದು ಇರಲೇಬೇಕು ಅನ್ನುವವನು ನಾನು. ಎಲ್ಲರ ನಾಲಿಗೆಗೂ ಗೊತ್ತಿರುವ ರುಚಿ ಅದು. ಅದನ್ನು ಮೊದಲು ಕುಡಿದರೆ ಉಳಿದ ಬಿಯರುಗಳಲ್ಲಿ ಏನು ಬೇರೆ ಇದೆ ಅಂತ ತಕ್ಷಣ ತಿಳಿಯುತ್ತದೆ.

ಹೊಸಬರ ಕೂಟಕ್ಕೆ ನನ್ನ ಸಲಹೆ ಹೀಗೆ: ಒಂದು ಲಾಗರ್, ಎರಡು ವೀಟ್, ಒಂದು ಪೇಲ್ ಏಲ್ (ತಿಳಿ ಬಣ್ಣದ, ತುಸು ಕಹಿಯದ್ದು), ಒಂದು ಐಪಿಎ (ಇಂಡಿಯಾ ಪೇಲ್ ಏಲ್, ಇನ್ನೂ ಕಹಿ), ಒಂದು ಸ್ಟೌಟ್ (ಹುರಿದ ಬಾರ್ಲಿಯ ಕಪ್ಪು ಬಿಯರ್), ಕೊನೆಗೆ ಒಂದು ಸ್ಟ್ರಾಂಗ್ ಬೆಲ್ಜಿಯನ್. ವೀಟ್ ಎರಡೂ ಬೇರೆ ಬೇರೆ ದೇಶದ ಶೈಲಿಯವು ಇರಲಿ. ಎರ್ಡಿಂಗರ್ ಅಥವಾ ಷ್ನೈಡರ್ ವೈಸ್‌ನಂಥ ಜರ್ಮನ್ ಒಂದು, ಹೂಗಾರ್ಡನ್‌ನಂಥ ಬೆಲ್ಜಿಯನ್ ಒಂದು. ಐಪಿಎಗೆ ಗೋವಾದ ಏಯ್ಟ್ ಫಿಂಗರ್ ಎಡ್ಡಿ, ಸ್ಟೌಟ್‌ಗೆ ಸಿಂಬಾದವರದ್ದು ಸಿಕ್ಕರೆ ನೋಡಿ. ಕೊನೆಯದಕ್ಕೆ ಡುವೆಲ್ ಅಥವಾ ಷಿಮೇ. ಡುವೆಲ್‌ನಲ್ಲಿ ಆಲ್ಕೋಹಾಲ್ ಶೇಕಡ 8.5, ಷಿಮೇ ಬ್ಲೂನಲ್ಲಿ ಶೇಕಡ 9. ಹಾಗಾಗಿ ಎಂಟು ಜನಕ್ಕೆ 330 ಎಂಎಲ್‌ನ ಒಂದು ಬಾಟಲಿ ಧಾರಾಳ ಸಾಕು.

ವೈನ್ ಶಾಪ್‌ನಲ್ಲಿ ಕೊಳ್ಳುವಾಗ ತಯಾರಾದ ತಾರೀಖು ನೋಡಿ. ಇದನ್ನು ಬಿಡಲೇಬೇಡಿ. ಅದರಲ್ಲೂ ಐಪಿಎ, ಪೇಲ್ ಏಲ್. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಎಂಬ ಹೂವಿನ ಹಣ್ಣಿನಂಥ ಪರಿಮಳ ಬಿಸಿಗೆ ಬೇಗ ಮಂಕಾಗುತ್ತದೆ, ಪುಣೆಯ ಏಪ್ರಿಲ್ ಬಿಸಿಲಲ್ಲಿ ಅಂಗಡಿಯ ಶೆಲ್ಫ್ ಮೇಲೆ ತಿಂಗಳುಗಟ್ಟಲೆ ಕೂತ ಐಪಿಎಯಲ್ಲಿ ಕಹಿ ಮಾತ್ರ ಉಳಿದಿರುತ್ತದೆ, ಅದನ್ನು ಕುಡಿದವರು "ಐಪಿಎ ಅಂದ್ರೆ ಇಷ್ಟೇನಾ" ಅಂದುಕೊಂಡು ಮತ್ತೆ ಅದರ ತಂಟೆಗೇ ಹೋಗುವುದಿಲ್ಲ. ಮುಂದೆ ಜೋಡಿಸಿಟ್ಟ ಬಾಟಲಿ ಬೇಡ, ಫ್ರಿಜ್ ಒಳಗಿನದ್ದು ಕೊಡಿ ಅಂತ ಕೇಳಿ. ಷಿಮೇ ಥರದ್ದು ಹಳೆಯದಾದರೆ ಪರವಾಗಿಲ್ಲ, ಬಾಟಲಿಯೊಳಗೇ ಯೀಸ್ಟ್ ಇರುವ ಬಿಯರ್ ಅದು, ಇಟ್ಟಷ್ಟೂ ರುಚಿ ಬೇರೆ ಆಗುತ್ತಾ ಹೋಗುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21 ವರ್ಷ ತುಂಬಿರಬೇಕು, ವಿಸ್ಕಿ, ರಮ್‌ನಂಥದ್ದಕ್ಕೆ 25. ಕೊಳ್ಳುವುದಕ್ಕೆ, ಇಟ್ಟುಕೊಳ್ಳುವುದಕ್ಕೆ, ಕುಡಿಯುವುದಕ್ಕೆ ಪರ್ಮಿಟ್ ಬೇಕು. ಒಂದು ದಿನದ್ದು ಅಂಗಡಿಯಲ್ಲೇ ಸಿಗುತ್ತದೆ, ಆದರೆ ವರ್ಷದ್ದೋ ಜೀವನಪೂರ್ತಿಯದ್ದೋ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಬೆಳಗಾವಿಯಿಂದಲೋ ಗೋವಾದಿಂದಲೋ ಬರುವಾಗ ಪರವಾನಗಿ ಇಲ್ಲದೆ ಡಿಕ್ಕಿಯಲ್ಲಿ ಬಾಟಲಿ ತುಂಬಿಕೊಂಡು ಬರಬೇಡಿ. ಬೇರೆ ರಾಜ್ಯದ ಮದ್ಯವನ್ನು ಹಾಗೆ ತರುವುದು ಅಪರಾಧ, ಗಡಿಯಲ್ಲಿ ತಪಾಸಣೆಯೂ ನಡೆಯುತ್ತದೆ. ಬಾಟಲಿಗೆ ಇಷ್ಟು ಅಂತ ಬಂದವರಿಂದ ದುಡ್ಡು ಎತ್ತುವುದು ಬೇಡವೇ ಬೇಡ, ಅದು ಲೈಸೆನ್ಸ್ ಇಲ್ಲದ ಮಾರಾಟ ಆಗುತ್ತದೆ. ಒಬ್ಬೊಬ್ಬರು ಒಂದೊಂದು ಬಾಟಲಿ ತರುವ ಪದ್ಧತಿಯಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ, ಊಟದ ಖರ್ಚು ಮಾತ್ರ ಹಂಚಿಕೊಳ್ಳಿ. ಸೊಸೈಟಿಯ ಕ್ಲಬ್‌ಹೌಸ್, ಬಾಡಿಗೆ ಹಾಲ್ ಬಿಟ್ಟು ಯಾರದ್ದಾದರೂ ಮನೆಯಲ್ಲೇ ಮಾಡಿ. ದಿನ ಗೊತ್ತು ಮಾಡುವಾಗ ಡ್ರೈ ಡೇ ಯಾವಾಗ ಅಂತಲೂ ನೋಡಿಕೊಳ್ಳಿ.

ಗ್ಲಾಸು ಮತ್ತು ಫ್ರಿಜ್ಜು

ದುಬಾರಿ ಗ್ಲಾಸ್ ಏನೂ ಬೇಡ. ಕಟಿಂಗ್ ಚಹಾದ ಗಾಜಿನ ಲೋಟ ಅಳತೆಗೆ ಸರಿಯಾಗಿದೆ. ವೈನ್ ಗ್ಲಾಸ್ ಇದ್ದರೆ ಇನ್ನೂ ಒಳ್ಳೆಯದು, ಬಾಯಿ ಕಿರಿದಾಗಿರುವುದರಿಂದ ಪರಿಮಳ ಒಳಗೇ ನಿಲ್ಲುತ್ತದೆ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಯಾವ ಗ್ಲಾಸಾದರೂ ಅರ್ಧ ಮಾತ್ರ ತುಂಬಿಸಿ.

ಗ್ಲಾಸು ಶುದ್ಧವಾಗಿರುವುದು ಮುಖ್ಯ. ಜಿಡ್ಡು ಇದ್ದರೆ ನೊರೆ ನಿಲ್ಲುವುದಿಲ್ಲ. ಬಿಯರ್ ಸುರಿದ ಮೇಲೆ ಗಾಜಿನ ಗೋಡೆಗೆ ಒಳಗಿನಿಂದ ಗುಳ್ಳೆಗಳು ಅಂಟಿಕೊಂಡು ಕೂತಿದ್ದರೆ ತೊಳೆದದ್ದು ಸಾಲದು ಅಂತ ಅರ್ಥ. ಸೋಪಿನ ವಾಸನೆ ಹೋಗುವವರೆಗೆ ಬರೀ ನೀರಲ್ಲಿ ಜಾಲಿಸಿ, ಬೋರಲು ಹಾಕಿ ಗಾಳಿಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಬಟ್ಟೆಯ ವಾಸನೆಯೇ ಸೇರಿಕೊಳ್ಳುತ್ತದೆ. ಒಬ್ಬೊಬ್ಬರಿಗೆ ಎರಡು ಗ್ಲಾಸ್ ಇದ್ದರೆ ಎರಡು ಬಿಯರ್ ಪಕ್ಕಪಕ್ಕ ಇಟ್ಟು ನೋಡಬಹುದು, ಇದರಷ್ಟು ಬೇಗ ಕಲಿಸುವ ದಾರಿ ಬೇರೆ ಇಲ್ಲ.

ಐಸ್‌ನಂಥ ತಣ್ಣಗಿನ ಬಿಯರ್ ಸೆಕೆಗೆ ಚೆನ್ನ, ರುಚಿ ನೋಡುವುದಕ್ಕಲ್ಲ. ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದೇ ಇಲ್ಲ. ಲಾಗರ್‌ಗೆ 4ರಿಂದ 7 ಡಿಗ್ರಿ ಸರಿ, ಏಲ್‌ಗಳಿಗೆ 8ರಿಂದ 12, ಸ್ಟೌಟ್ ಮತ್ತು ಸ್ಟ್ರಾಂಗ್ ಬೆಲ್ಜಿಯನ್‌ಗೆ 10ರಿಂದ 13. ಥರ್ಮಾಮೀಟರ್ ಇಡುವ ಅಗತ್ಯ ಇಲ್ಲ. ಲಾಗರ್ ಫ್ರಿಜ್‌ನಿಂದ ತೆಗೆದ ಕೂಡಲೇ, ಪೇಲ್ ಏಲ್ ಮತ್ತು ಐಪಿಎ ಹತ್ತು ನಿಮಿಷ ಹೊರಗಿಟ್ಟು, ಸ್ಟೌಟ್ ಇಪ್ಪತ್ತು ನಿಮಿಷ ಹೊರಗಿಟ್ಟು ಕುಡಿಯಿರಿ. ಬೇಸಿಗೆಯಲ್ಲಿ ಇದರ ಅರ್ಧ ಸಾಕು. ಬಾಟಲಿಗಳನ್ನು ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ, ತಳದಲ್ಲಿ ಯೀಸ್ಟ್ ಇರುವಂಥವು ಕಲಕಿಹೋಗುತ್ತವೆ.

ಯಾವುದು ಮೊದಲು

ತೆಳುವಿನಿಂದ ಗಾಢಕ್ಕೆ, ಕಡಿಮೆ ಕಹಿಯಿಂದ ಜಾಸ್ತಿ ಕಹಿಗೆ, ಕಡಿಮೆ ಆಲ್ಕೋಹಾಲ್‌ನಿಂದ ಜಾಸ್ತಿಗೆ. ಲಾಗರ್, ವೀಟ್, ಪೇಲ್ ಏಲ್, ಐಪಿಎ, ಸ್ಟೌಟ್, ಬೆಲ್ಜಿಯನ್. ಐಪಿಎ ಕುಡಿದ ಮೇಲೆ ವೀಟ್ ಬಿಯರ್ ಕುಡಿದರೆ ನೀರಿನಂತೆ ಅನಿಸುತ್ತದೆ, ಬಿಯರಿನದ್ದು ತಪ್ಪಲ್ಲ, ನಾಲಿಗೆ ಮೇಲೆ ಕಹಿ ಇನ್ನೂ ಕೂತಿರುತ್ತದೆ. ಯಾರಾದರೂ ಹುಳಿ ಬಿಯರ್ ತಂದಿದ್ದರೆ ಐಪಿಎ ಆದ ಮೇಲೆ, ಸ್ಟೌಟ್‌ಗೆ ಮೊದಲು ಇಡಿ, ಬಾಯಿ ತೊಳೆದ ಹಾಗಾಗುತ್ತದೆ. ಪುಣೆಯದ್ದೇ ಆದ ಮೂನ್‌ಶೈನ್‌ನವರ ಮೀಡ್ ಇದ್ದರೂ ಅಲ್ಲೇ. ಅದು ಬಿಯರ್ ಅಲ್ಲ, ಜೇನುತುಪ್ಪ ಹುಳಿಸಿ ಮಾಡುವುದು, ಆದರೂ ನಡುವೆ ಬಂದರೆ ಚೆನ್ನಾಗಿರುತ್ತದೆ.

ಒಂದರಿಂದ ಇನ್ನೊಂದಕ್ಕೆ ಹತ್ತು ಹದಿನೈದು ನಿಮಿಷ ಬಿಡಿ. ನಡುವೆ ನೀರು, ಒಂದು ಹಿಡಿ ಬರೀ ಮಂಡಕ್ಕಿ. ಖಾರ, ಒಗ್ಗರಣೆ ಇಲ್ಲದ ಮಂಡಕ್ಕಿಯಷ್ಟು ಚೆನ್ನಾಗಿ ನಾಲಿಗೆ ಸ್ವಚ್ಛ ಮಾಡುವಂಥದ್ದು ನಮ್ಮ ಕಡೆ ಬೇರೆ ಇಲ್ಲ. ಮೇಜಿನ ಮಧ್ಯೆ ಒಂದು ಸ್ಟೀಲ್ ಪಾತ್ರೆ ಇಟ್ಟು, ಇಷ್ಟವಾಗದ್ದನ್ನು ಅದರಲ್ಲಿ ಚೆಲ್ಲಿ ಅಂತ ಶುರುವಿನಲ್ಲೇ ಹೇಳಿ. ತಂದವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಕಷ್ಟಪಟ್ಟು ಮುಗಿಸುವುದು ಬೇಡ. ಮನೆಯವರೇ ಮೊದಲು ಸ್ವಲ್ಪ ಚೆಲ್ಲಿ ತೋರಿಸಿದರೆ ಉಳಿದವರಿಗೆ ಸಂಕೋಚ ಹೋಗುತ್ತದೆ.

ಸುರಿಯುವುದು, ಮೂಸುವುದು, ಒಂದು ನಿಮಿಷ ಸುಮ್ಮನಿರುವುದು

ತಂದವರೇ ಸುರಿಯಲಿ. ಗ್ಲಾಸನ್ನು ಓರೆ ಹಿಡಿದು ಶುರು ಮಾಡಿ, ಆಮೇಲೆ ನೆಟ್ಟಗೆ ಮಾಡಿ ಒಂದು ಬೆರಳಷ್ಟು ನೊರೆ ಬರಿಸಿ. ಕೆಲವರು ನೊರೆ ಬಂದರೆ ನಷ್ಟ ಅಂದುಕೊಳ್ಳುತ್ತಾರೆ, ಆದರೆ ಪರಿಮಳ ಮೇಲಕ್ಕೆ ಬರುವುದು ಆ ನೊರೆ ಒಡೆಯುವಾಗಲೇ. ಜರ್ಮನ್ ವೀಟ್ ಬಿಯರ್‌ನಲ್ಲಿ ಯೀಸ್ಟ್ ತಳದಲ್ಲಿ ಕೂತಿರುತ್ತದೆ. ಮುಕ್ಕಾಲು ಸುರಿದ ಮೇಲೆ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ಉಳಿದದ್ದನ್ನು ಎಲ್ಲರ ಗ್ಲಾಸಿಗೂ ಸಮನಾಗಿ ಹಾಕಿ. ಇಲ್ಲದಿದ್ದರೆ ಮೊದಲ ಗ್ಲಾಸಿನವರು ತಿಳಿ ಬಿಯರ್, ಕೊನೆಯವರು ಮಡ್ಡಿ ಬಿಯರ್ ಕುಡಿದು ಇಬ್ಬರೂ ಬೇರೆ ಬೇರೆ ರುಚಿ ಹೇಳುತ್ತಾರೆ. ಷಿಮೇಯಲ್ಲಿ ತಳದ್ದನ್ನು ಬಾಟಲಿಯಲ್ಲೇ ಬಿಡಬಹುದು.

ಈಗ ಮುಖ್ಯ ವಿಷಯ. ಮೊದಲ ಗುಟುಕಿನ ನಂತರ ಒಂದು ನಿಮಿಷ ಯಾರೂ ಮಾತಾಡಬಾರದು. ಒಂದು ಚೀಟಿಯಲ್ಲಿ ಎರಡು ಮೂರು ಪದ ಬರೆಯಿರಿ, ಆಮೇಲೆ ಓದಿ ಹೇಳಿ. ಯಾಕೆ ಅಂದರೆ, ಒಬ್ಬರು ಜೋರಾಗಿ "ಬಾಳೆಹಣ್ಣು" ಅಂದರೆ ಮುಗಿಯಿತು, ಎಲ್ಲರಿಗೂ ಬಾಳೆಹಣ್ಣೇ ಬರುತ್ತದೆ, ಅದರಲ್ಲೂ ಹೇಳಿದವರು ವಯಸ್ಸಿನಲ್ಲಿ ದೊಡ್ಡವರೋ ಬಿಯರ್ ಬಗ್ಗೆ ಗೊತ್ತಿರುವವರೋ ಆಗಿದ್ದರೆ ಉಳಿದವರು ತಮಗೆ ಬಂದ ಬೇರೆ ವಾಸನೆಯನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ಬರೆದು ಓದಿದರೆ ಎಂಟು ಜನಕ್ಕೆ ಎಂಟು ಥರ ಅನಿಸಿದ್ದು ಹೊರಗೆ ಬರುತ್ತದೆ. ಕೂಟದ ನಿಜವಾದ ಖುಷಿ ಇರುವುದು ಇಲ್ಲಿ. ಹೊಸಬರು ಮೊದಲು ಓದಲಿ, ಬಲ್ಲವರು ಕೊನೆಗೆ.

ಮೂಸುವುದಕ್ಕೆ ಗ್ಲಾಸನ್ನು ಸ್ವಲ್ಪ ತಿರುಗಿಸಿ, ಅದರ ಬಾಯಿಗೆ ಅಂಗೈ ಮುಚ್ಚಿ, ತೆಗೆದ ಕೂಡಲೇ ಎರಡು ಮೂರು ಸಣ್ಣ ಉಸಿರು ಎಳೆಯಿರಿ. ಗುಟುಕನ್ನು ನಾಲಿಗೆ ಮೇಲೆಲ್ಲ ಆಡಿಸಿ, ನುಂಗಿದ ಮೇಲೆ ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಎಷ್ಟೋ ಪರಿಮಳ ಆ ಬಿಡುವ ಉಸಿರಿನಲ್ಲೇ ತಿಳಿಯುತ್ತದೆ.

ಹೇಳುವುದಕ್ಕೆ ಪುಸ್ತಕದ ಮಾತು ಹುಡುಕಬೇಡಿ. ಅಡುಗೆಮನೆ, ಸಂತೆ, ಊರು ನೆನಪಿಸಿಕೊಳ್ಳಿ. ಕಳಿತ ಏಲಕ್ಕಿ ಬಾಳೆ, ಲವಂಗ, ಕಿತ್ತಳೆ ಸಿಪ್ಪೆ, ಹುರಿದ ಕಾಫಿ ಬೀಜ, ಸೀದ ಬೆಲ್ಲದ ಪಾಕ, ಒಣದ್ರಾಕ್ಷಿ, ಮಾವಿನ ಸೊನೆ, ಹಸಿ ಹುಲ್ಲು, ಮೊದಲ ಮಳೆಯ ಮಣ್ಣು. ಯಾವುದೂ ತಪ್ಪಲ್ಲ.

ಆ ಎರಡು ವೀಟ್ ಬಿಯರನ್ನು ಪಕ್ಕಪಕ್ಕ ಇಟ್ಟು ನೋಡಿ. ಜರ್ಮನ್‌ನಲ್ಲಿ ಬಾಳೆಹಣ್ಣು, ಲವಂಗ ಎರಡೂ ಬರುತ್ತವೆ, ಆದರೆ ಅದಕ್ಕೆ ಬಾಳೆಹಣ್ಣೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಆ ಯೀಸ್ಟ್ ಹುಳಿಸುವಾಗ ತಾನೇ ಆ ಪರಿಮಳ ಹುಟ್ಟಿಸುತ್ತದೆ. ಬಾಳೆಹಣ್ಣಿನ ಪರಿಮಳಕ್ಕೆ ಕಾರಣವಾಗುವ ಐಸೊಅಮೈಲ್ ಅಸಿಟೇಟ್ ನಿಜವಾದ ಬಾಳೆಹಣ್ಣಿನಲ್ಲೂ ಇರುತ್ತದೆ. ಬೆಲ್ಜಿಯನ್‌ನಲ್ಲಿ ಹಾಗಲ್ಲ, ಅದಕ್ಕೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ಹಾಕಿಯೇ ಕುದಿಸುತ್ತಾರೆ. ಎರಡೂ ಗೋಧಿಯವೇ, ಎರಡೂ ಮಬ್ಬಾಗಿಯೇ ಕಾಣುತ್ತವೆ, ಆದರೆ ದಾರಿಯೇ ಬೇರೆ. ಇದನ್ನು ಮೊದಲು ಹೇಳಬೇಡಿ. ಚೀಟಿ ಓದಿ ಆದ ಮೇಲೆ ಹೇಳಿ, ಆಗ ಎಲ್ಲರೂ ಗ್ಲಾಸ್ ಎತ್ತಿ ಮತ್ತೆ ಮೂಸುತ್ತಾರೆ.

ಇನ್ನೊಂದು ಪ್ರಯೋಗ, ಹಗಲಿನ ಕೂಟಕ್ಕೆ. ಹಸಿರು ಗಾಜಿನ ಒಂದೇ ಲಾಗರ್ ಎರಡು ಬಾಟಲಿ ತನ್ನಿ. ಒಂದನ್ನು ಬಾಲ್ಕನಿಯ ಬಿಸಿಲಲ್ಲಿ ಒಂದು ಗಂಟೆ ಇಡಿ, ಆಮೇಲೆ ಮತ್ತೆ ಫ್ರಿಜ್‌ಗೆ ಹಾಕಿ. ಇನ್ನೊಂದು ಕತ್ತಲಲ್ಲೇ ಇರಲಿ. ಎರಡನ್ನೂ ಹೆಸರು ಹೇಳದೆ ಕೊಡಿ. ಬಿಸಿಲು ತಿಂದದ್ದು ಗಬ್ಬು ವಾಸನೆ ಹೊಡೆಯುತ್ತದೆ, ಬೆಳಕು ಬಿದ್ದಾಗ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ವಾಸನೆಯ ವಸ್ತುವೊಂದು ಹುಟ್ಟುತ್ತದೆ. ಕಂದು ಗಾಜು ಆ ಬೆಳಕನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ, ಹಸಿರು ಮತ್ತು ಬಣ್ಣವಿಲ್ಲದ ಗಾಜಿಗೆ ಆ ಶಕ್ತಿ ಕಡಿಮೆ. ಹಾಗೇ, ಒದ್ದೆ ರಟ್ಟಿನ ವಾಸನೆ ಬಂದರೆ ಹಳತಾಗಿ ಗಾಳಿ ತಿಂದ ಬಿಯರ್. ಬೆಣ್ಣೆ ವಾಸನೆ, ಬೇಯಿಸಿದ ಮೆಕ್ಕೆಜೋಳದ ವಾಸನೆ ಲಾಗರ್‌ನಲ್ಲಿ ಜೋರಾಗಿ ಬಂದರೆ ತಯಾರಿಕೆಯಲ್ಲೇ ಏನೋ ಎಡವಿದೆ. ಇಷ್ಟು ಗೊತ್ತಾದರೆ "ನಂಗೆ ಇಷ್ಟ ಆಗಲಿಲ್ಲ" ಅನ್ನುವುದಕ್ಕೂ "ಈ ಬಾಟಲಿ ಕೆಟ್ಟಿದೆ" ಅನ್ನುವುದಕ್ಕೂ ವ್ಯತ್ಯಾಸ ತಿಳಿಯುತ್ತದೆ.

ತಿನ್ನಲು

ಹಸಿದ ಹೊಟ್ಟೆಯಲ್ಲಿ ಯಾರೂ ಕೂರಬಾರದು. ಬಂದ ಕೂಡಲೇ ಹೊಟ್ಟೆಗೆ ಏನಾದರೂ ಕೊಡಿ, ಇಡ್ಲಿಯಾದರೂ ಸರಿ, ಪಾವ್ ಆದರೂ ಸರಿ. ಐಪಿಎ ಮುಗಿಯುವವರೆಗೆ ಖಾರ ದೂರ ಇಡಿ. ಮೆಣಸಿನಕಾಯಿ ಬಜ್ಜಿ ತಿಂದು ಐಪಿಎ ಕುಡಿದರೆ ಖಾರವೂ ಏರುತ್ತದೆ, ಕಹಿಯೂ ಏರುತ್ತದೆ.

ಲಾಗರ್ ಜೊತೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ. ವೀಟ್ ಜೊತೆ ಕೋಸಂಬರಿ ನಂಚಿಕೊಳ್ಳಿ, ನಿಂಬೆ ಮತ್ತು ಕೊತ್ತಂಬರಿ ಎರಡೂ ಆ ಬಿಯರಿಗೆ ಒಪ್ಪುತ್ತವೆ. ಪೇಲ್ ಏಲ್‌ಗೆ ಪುಣೆಯ ಬಾಕರ್‌ವಡಿ, ಸಿಹಿ, ಹುಳಿ, ಮಸಾಲೆ ಎಲ್ಲ ಸೇರಿರುವುದರಿಂದ ಕಹಿಯ ಜೊತೆ ಚೆನ್ನಾಗಿ ಹೊಂದುತ್ತದೆ. ಐಪಿಎಗೆ ನಿಪ್ಪಟ್ಟು ಅಥವಾ ಕೋಡುಬಳೆ, ಖಾರ ಕಡಿಮೆ ಹಾಕಿದ್ದು.

ಸ್ಟೌಟ್ ಬಂದಾಗ ಸಿಹಿ ತೆಗೆಯಿರಿ. ಧಾರವಾಡ ಪೇಡಾ ಮತ್ತು ಸ್ಟೌಟ್, ಇದನ್ನು ಒಮ್ಮೆ ಮಾಡಿ ನೋಡಲೇಬೇಕು. ಪೇಡಾದಲ್ಲಿ ಹಾಲು ಕೆಂಪಗೆ ಹುರಿದ ರುಚಿ, ಸ್ಟೌಟ್‌ನಲ್ಲಿ ಕಪ್ಪಗೆ ಹುರಿದ ಬಾರ್ಲಿಯ ಕಹಿ, ಎರಡೂ ಬಾಯಲ್ಲಿ ಸೇರಿದಾಗ ಗಟ್ಟಿ ಹಾಲಿನ ಕಾಫಿ ಕುಡಿದ ಹಾಗಿರುತ್ತದೆ. ಬೆಳಗಾವಿಯಿಂದ ಯಾರಾದರೂ ಬರುವವರಿದ್ದರೆ ಕುಂದಾ ತರಲು ಹೇಳಿ, ಅದೂ ಇದೇ ಗುಂಪಿಗೆ ಸೇರಿದ್ದು. ಊರಿಂದ ಏನೂ ಬಂದಿಲ್ಲ ಅಂದರೆ ಕ್ಯಾಂಪ್‌ನ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತು ಸಾಕು. ಷಿಮೇ, ಡುವೆಲ್‌ಗಳ ಜೊತೆ ಏನೂ ಬೇಡ, ಅವನ್ನು ಹಾಗೇ ನಿಧಾನವಾಗಿ ಕುಡಿಯಿರಿ.

ಮನೆಗೆ ಹೋಗುವಾಗ

ಪಾಲು ಸಣ್ಣದಾದರೂ ಗಾಡಿ ಓಡಿಸಬೇಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಒಂದೇ ಒಂದು ಬಿಯರ್‌ಗೆ ಆ ಗೆರೆ ದಾಟುವವರಿದ್ದಾರೆ, ಮೈತೂಕ ಕಡಿಮೆ ಇರುವವರು ಇನ್ನೂ ಬೇಗ ದಾಟುತ್ತಾರೆ. ಬರುವಾಗಲೇ ಕ್ಯಾಬ್, ಆಟೊದಲ್ಲಿ ಬನ್ನಿ ಅಂತ ವಾಟ್ಸಾಪ್‌ನಲ್ಲಿ ಬರೆಯಿರಿ. ಬೈಕ್ ತಂದಿದ್ದರೆ ಬೀಗದ ಕೈಯನ್ನು ಮನೆಯವರ ಹತ್ತಿರ ಕೊಟ್ಟು ಕೂರಲಿ, ಗಾಡಿ ಬೆಳಿಗ್ಗೆ ತೆಗೆದುಕೊಂಡು ಹೋಗಲಿ. ಮಾತ್ರೆ ತಗೊಳ್ಳುತ್ತಿರುವವರು, ಗರ್ಭಿಣಿಯರು ಮೂಸುವ ಗುಂಪಿಗೇ ಸೇರಿಕೊಳ್ಳಲಿ.

ಸಂಜೆ ಆರಕ್ಕೆ ಶುರು ಮಾಡಿದರೆ ಒಂಬತ್ತಕ್ಕೆ ಊಟ, ಹತ್ತರೊಳಗೆ ಎಲ್ಲ ಮುಗಿಯುತ್ತದೆ. ಪಕ್ಕದ ಫ್ಲ್ಯಾಟಿನ ಕಾಕೂಗೆ ತೊಂದರೆ ಕೊಟ್ಟು ಮಾಡುವಂಥ ಕೆಲಸ ಅಲ್ಲ ಇದು.

ಚೀಟಿಗಳನ್ನು ಬಿಸಾಡಬೇಡಿ. ಒಬ್ಬರು ಎಲ್ಲವನ್ನೂ ಫೋಟೊ ತೆಗೆದು, ಬಿಯರ್ ಹೆಸರು ಮತ್ತು ತಯಾರಾದ ತಾರೀಖಿನ ಜೊತೆ ಗುಂಪಿಗೆ ಹಾಕಲಿ. ಅದೇ ಬಿಯರ್ ಮುಂದೆ ಎಲ್ಲಾದರೂ ಕುಡಿದಾಗ ಹೋಲಿಸಿ ನೋಡಬಹುದು. ಖಾಲಿ ಬಾಟಲಿಗಳನ್ನು ರಾತ್ರಿಯೇ ತೊಳೆದಿಡಿ, ಬೆಳಿಗ್ಗೆ ಗುಜರಿ ಕೊಳ್ಳುವ ಭಂಗಾರ್‌ವಾಲಾಗೆ ಹೋಗುತ್ತವೆ. ತೆರೆದ ಬಿಯರ್ ಉಳಿದರೆ ನಾಳೆಗೆ ಅಂತ ಎತ್ತಿಡಬೇಡಿ, ಗ್ಯಾಸ್ ಹೋಗಿ ಸಪ್ಪೆ ಆಗಿರುತ್ತದೆ. ಲಾಗರ್ ಉಳಿದಿದ್ದರೆ ಗುಳ್ಳೆ ಇರುವಾಗಲೇ ಕಡಲೆಹಿಟ್ಟಿಗೆ ಕಲಸಿ ಈರುಳ್ಳಿ ಬಜ್ಜಿ ಹಾಕಿ, ಗರಿಗರಿಯಾಗಿ ಬರುತ್ತವೆ. ಅಷ್ಟು ಹೊತ್ತಿಗೆ ರುಚಿ ನೋಡುವುದೆಲ್ಲ ಮುಗಿದಿರುವುದರಿಂದ ಹಸಿಮೆಣಸಿನಕಾಯಿಯನ್ನೂ ಧಾರಾಳವಾಗಿ ಹೆಚ್ಚಿ ಹಾಕಬಹುದು.